ಪ್ರೋಟಾನುಗಳ ಸಂಘಟ್ಟನೆಯಲ್ಲಿ ಅನನ್ಯೋತ್ಪತ್ತಿ

ಮಣ್ಣಿನ ಎರಡು ಗಡಿಗೆಗಳನ್ನು ಎದುರುಬದುರಾಗಿ ರಭಸದಿಂದ ಎಸೆದರೆ ಅವು ಚೂರುಚೂರಾಗುವುವೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಆ ಗಡಿಗೆಗಳು ಒಂದರ ಪಕ್ಕದಲ್ಲೊಂದು ಹಾಯ್ದು, ಕೂದಲೆಳೆಯಷ್ಟು ಬಿರುಕೂ ಬಿಡದೆ ತಮ್ಮ ತಮ್ಮ ದಾರಿಯಲ್ಲಿ ಮುಂದೆ ಸಾಗಿದುವೆಂದೂ, ಅವು ಹಾಯ್ದ ಎಡೆಯಲ್ಲಿ ಮೊದಲಿಲ್ಲದಿದ್ದ ಹಣತೆಯೊಂದು ಕಾಣಿಸಿಕೊಂಡಿತೆಂದೂ ಯಾರಾದರೂ ನುಡಿದರೆ ನಾವು ನಕ್ಕುಬಿಡುತ್ತೇವೆ. ಗಡಿಗೆಗಳ ಪ್ರಪಂಚದಲ್ಲಿ ಎಂದೂ ನಡೆಯದ ಈ ಸಂಗತಿ ಪ್ರೋಟಾನುಗಳ ಪ್ರಪಂಚದಲ್ಲಿ ನಡೆಯುತ್ತದೆ. ಕೋಟಿಗಟ್ಟಲೆ ಸಂಘಟ್ಟನೆಗಳಲ್ಲಿ ಎಲ್ಲೋ ಒಮ್ಮೆ ನಡೆಯುತ್ತದೆ. ಆದರೆ ಖಂಡಿತವಾಗಿ ನಡೆಯುತ್ತದೆ. ಅದನ್ನು ಹೇಗೆ ಗುರುತಿಸಿದರು, ಹೇಗೆ ಅಳೆದರು, ಅಳೆದದ್ದರಲ್ಲಿ ಎಷ್ಟನ್ನು ನಂಬಬಹುದು ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಇಂಥ ಘಟನೆಯನ್ನು ಅನನ್ಯೋತ್ಪತ್ತಿ ಎಂದು ಕರೆಯೋಣ. ‘ಅನನ್ಯ’ ಎಂಬ ಮಾತನ್ನು ನಾವು ಸಾಮಾನ್ಯವಾಗಿ ಸಾಟಿಯಿಲ್ಲದ್ದು ಎಂಬ ಹೊಗಳಿಕೆಯ ಅರ್ಥದಲ್ಲಿ ಬಳಸುತ್ತೇವೆ. ಇಲ್ಲಿ ಅದರ ಮೂಲಾರ್ಥವನ್ನೇ ಹಿಡಿಯಬೇಕು: ಅನ್ಯವಾದುದು ಯಾವುದೂ ಇಲ್ಲದ್ದು. ಎರಡು ಪ್ರೋಟಾನುಗಳು ಬಂದುವು; ಎರಡೂ ಇಡಿಯಾಗಿಯೇ ಹೊರಟುಹೋದುವು; ನಡುವೆ ಒಂದು ಹೊಸ ಕಣ ಹುಟ್ಟಿತು; ಬೇರೆ ಏನೂ ಹುಟ್ಟಲಿಲ್ಲ. ಈ ಕೊನೆಯ ವಾಕ್ಯವೇ ಪ್ರಯೋಗಕಾರರ ನಿದ್ದೆಗೆಡಿಸಿದ ವಾಕ್ಯ. ಹುಟ್ಟಿದ್ದನ್ನು ತೋರಿಸಬಹುದು, ಹುಟ್ಟಲಿಲ್ಲ ಎಂಬುದನ್ನು ತೋರಿಸುವುದು ಹೇಗೆ?

ಮೊದಲು ಪ್ರೋಟಾನಿನ ಒಳಗೆ ಏನಿದೆಯೆಂಬುದನ್ನು ಸ್ವಲ್ಪ ತಿಳಿಯಬೇಕು. ಶಾಲೆಯ ಪುಸ್ತಕಗಳಲ್ಲಿ ಅದನ್ನು ಒಂದು ಗೋಲಿಯಂತೆ ಚಿತ್ರಿಸುವ ವಾಡಿಕೆ ಇದೆ. ವಾಸ್ತವವಾಗಿ ಅದು ಕ್ವಾರ್ಕುಗಳೆಂಬ ಇನ್ನೂ ಮೂಲಭೂತವಾದ ಕಣಗಳಿಂದಾದುದು. ಮೂರು ಕ್ವಾರ್ಕುಗಳು ಅದರ ಗುರುತನ್ನು ನಿರ್ಧರಿಸುತ್ತವೆ. ಅವುಗಳನ್ನು ಒಟ್ಟಿಗೆ ಹಿಡಿದಿಡುವ ಕಣಗಳಿಗೆ ಗ್ಲೂಆನುಗಳೆಂದು ಹೆಸರು. ಇಂಗ್ಲಿಷಿನಲ್ಲಿ ಅಂಟಿಗೆ ಇರುವ ಪದದಿಂದ ಹುಟ್ಟಿದ ಈ ಹೆಸರು ಅನ್ವರ್ಥವಾದುದು. ಕ್ವಾರ್ಕುಗಳಲ್ಲಿ ಆರು ಬಗೆ: ಅಪ್, ಡೌನ್, ಸ್ಟ್ರೇಂಜ್, ಚಾರ್ಮ್, ಬಾಟಮ್, ಟಾಪ್. ಇವುಗಳಲ್ಲಿ ಕೊನೆಯ ಮೂರು ಭಾರಿ ಕ್ವಾರ್ಕುಗಳು. ಒಂದು ಕ್ವಾರ್ಕೂ ಒಂದು ಪ್ರತಿಕ್ವಾರ್ಕೂ ಜೊತೆಗೂಡಿದಾಗ ಆಗುವ ಕಣ ಮೆಸಾನ್. ಚಾರ್ಮ್ ಮತ್ತು ಅದರ ಪ್ರತಿಕ್ವಾರ್ಕು ಸೇರಿದ ಮೆಸಾನನ್ನು 1974ರ ನವೆಂಬರಿನಲ್ಲಿ ಅಮೆರಿಕದ ಎರಡು ತಂಡಗಳು ಏಕಕಾಲದಲ್ಲಿ ಕಂಡುಹಿಡಿದುವು. ಬ್ರೂಕ್‌ಹೇವನ್ನಿನಲ್ಲಿ ಸ್ಯಾಮುಯೆಲ್ ಟಿಂಗ್ ಅವರ ತಂಡ ಅದಕ್ಕೆ ‘ಜೆ’ ಎಂದು ಹೆಸರಿಟ್ಟಿತು. ಸ್ಟ್ಯಾನ್‌ಫರ್ಡಿನಲ್ಲಿ ಬರ್ಟನ್ ರಿಕ್ಟರ್ ಅವರ ತಂಡ ‘ಸೈ’ ಎಂದಿತು. ಯಾರ ಮನಸ್ಸನ್ನೂ ನೋಯಿಸಲಾರದೆ ವಿಜ್ಞಾನಲೋಕ ಅದನ್ನು ಇಂದಿಗೂ ಜೆ-ಸೈ ಎಂಬ ಜೋಡಿ ಹೆಸರಿನಿಂದಲೇ ಕರೆಯುತ್ತಿದೆ. 1976ರ ನೊಬೆಲ್ ಪಾರಿತೋಷಕವೂ ಇಬ್ಬರಿಗೆ ಹಂಚಿಹೋಯಿತು. ಬಾಟಮ್ ಕ್ವಾರ್ಕಿನ ಜೋಡಿಯಾದ ಅಪ್ಸಿಲಾನ್ ಎಂಬ ಮೆಸಾನನ್ನು 1977ರಲ್ಲಿ ಷಿಕಾಗೊ ನಗರದ ಸಮೀಪದ ಫರ್ಮಿ ಪ್ರಯೋಗಾಲಯದಲ್ಲಿ ಲಿಯಾನ್ ಲೆಡರ್‌ಮನ್ ಅವರ ತಂಡ ಕಂಡಿತು. ಜೆ-ಸೈ ಕಣದ ದ್ರವ್ಯರಾಶಿ ಪ್ರೋಟಾನಿನ ಮೂರು ಪಟ್ಟಿಗಿಂತ ತುಸು ಹೆಚ್ಚು. ಅಪ್ಸಿಲಾನಿನದು ಸುಮಾರು ಹತ್ತು ಪಟ್ಟು.

ಗಡಿಗೆಗಳು ಒಡೆಯದೆ ಉಳಿದು, ಜೊತೆಗೆ ಒಂದು ಗಡಿಗೆಗಿಂತ ಮೂರು ಪಟ್ಟು ತೂಕದ ಹಣತೆಯೂ ಹುಟ್ಟುವುದೆಂದರೆ ಅಷ್ಟು ದ್ರವ್ಯ ಎಲ್ಲಿಂದ ಬಂದಿತೆಂದು ವಾಚಕರು ಕೇಳಬಹುದು. ಅದು ಪ್ರೋಟಾನುಗಳ ಚಲನೆಯ ಶಕ್ತಿಯಿಂದ ಬಂದದ್ದು. ಜಿನೀವಾ ನಗರದ ಹೊರವಲಯದಲ್ಲಿ, ಸ್ವಿಟ್ಸರ್‌ಲೆಂಡ್ ಮತ್ತು ಫ್ರಾನ್ಸುಗಳ ಗಡಿಯ ನೆಲದಡಿಯಲ್ಲಿ, ಸರ್ನ್ ಸಂಸ್ಥೆಯ 27 ಕಿಲೋಮೀಟರು ಸುತ್ತಳತೆಯ ವೇಗೋತ್ಕರ್ಷಕವಿದೆ. ಅದರಲ್ಲಿ ಪ್ರೋಟಾನುಗಳನ್ನು ಎರಡು ವಿರುದ್ಧ ದಿಕ್ಕುಗಳಲ್ಲಿ ಬೆಳಕಿನ ವೇಗಕ್ಕೆ ತೀರ ಸಮೀಪದ ವೇಗದಲ್ಲಿ ಓಡಿಸಿ ನಾಲ್ಕು ಎಡೆಗಳಲ್ಲಿ ಎದುರುಬದುರಾಗಿಸುತ್ತಾರೆ. ಅವುಗಳ ಒಟ್ಟು ಶಕ್ತಿ 2010 ಮತ್ತು 2011ರಲ್ಲಿ 7 ಟೆರಾ ಎಲೆಕ್ಟ್ರಾನ್ ವೋಲ್ಟ್ ಇದ್ದುದು 2012ರಲ್ಲಿ 8ಕ್ಕೆ, 2015ರಲ್ಲಿ 13ಕ್ಕೆ ಏರಿತು. ಜೆ-ಸೈ ಕಣವನ್ನು ಸೃಷ್ಟಿಸಲು ಬೇಕಾದ ಶಕ್ತಿ ಇದರ ಸಾವಿರದಲ್ಲೊಂದು ಪಾಲೂ ಅಲ್ಲ. ಹೀಗಾಗಿ ಪ್ರೋಟಾನುಗಳು ತಮ್ಮ ಗಂಟಿನಿಂದ ಚಿಲ್ಲರೆ ಕಾಸನ್ನಷ್ಟೇ ತೆತ್ತು, ಹೆಚ್ಚೇನನ್ನೂ ಕಳೆದುಕೊಳ್ಳದೆ ಮುಂದೆ ಸಾಗಬಲ್ಲುವು.

ಒಡೆಯದಿರುವುದಾದರೂ ಹೇಗೆ? ಪ್ರೋಟಾನುಗಳು ಸಾಧಾರಣವಾಗಿ ಡಿಕ್ಕಿ ಹೊಡೆದಾಗ ಒಂದರಿಂದ ಇನ್ನೊಂದಕ್ಕೆ ಗ್ಲೂಆನ್ ದಾಟುತ್ತದೆ. ಗ್ಲೂಆನಿಗೆ ‘ವರ್ಣ’ ಎಂಬ ಒಂದು ಗುಣವಿದೆ. ಕಣ್ಣಿಗೆ ಕಾಣುವ ಬಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲ. ವಿದ್ಯುದಾವೇಶದ ಹಾಗೆ ಇದೂ ಒಂದು ಬಗೆಯ ಆವೇಶವೆಂದು ತಿಳಿದರೆ ಸಾಕು. ನಿಸರ್ಗದ ಕಟ್ಟಳೆಯಂತೆ ವರ್ಣವುಳ್ಳ ಯಾವ ಕಣವೂ ಒಂಟಿಯಾಗಿ ಹೊರಬರುವಂತಿಲ್ಲ. ಗ್ಲೂಆನನ್ನು ಕೊಟ್ಟ ಪ್ರೋಟಾನೂ ಪಡೆದ ಪ್ರೋಟಾನೂ ವರ್ಣದ ಸಮತೋಲವನ್ನು ಕಳೆದುಕೊಂಡು ಒಡೆಯುತ್ತವೆ. ಅವೆರಡರ ನಡುವಣ ಅಂತರವೆಲ್ಲ ಹೊಸ ಕಣಗಳ ಸುರಿಮಳೆಯಿಂದ ತುಂಬಿಹೋಗುತ್ತದೆ. ಪ್ರೋಟಾನುಗಳು ಉಳಿಯಬೇಕಾದರೆ ಅವುಗಳ ನಡುವೆ ನಡೆಯುವ ವಿನಿಮಯ ವರ್ಣರಹಿತವಾಗಿರಬೇಕು.

ಅಂಥ ವಿನಿಮಯಕ್ಕೆ ಎರಡು ದಾರಿಗಳಿವೆ. ಮೊದಲನೆಯದು ಫೋಟಾನ್, ಎಂದರೆ ಬೆಳಕಿನ ಕಣ. ಪ್ರೋಟಾನಿಗೆ ವಿದ್ಯುದಾವೇಶವಿರುವುದರಿಂದ ಅದರ ಸುತ್ತ ವಿದ್ಯುತ್ ಕ್ಷೇತ್ರವಿದೆ. ಅದು ಬೆಳಕಿನ ವೇಗಕ್ಕೆ ಸಮೀಪವಾಗಿ ಧಾವಿಸುವಾಗ ಈ ಕ್ಷೇತ್ರವು ಜೊತೆಯಲ್ಲಿ ಹರಿಯುವ ಫೋಟಾನುಗಳ ಗುಂಪಿನಂತೆ ವರ್ತಿಸುತ್ತದೆ. ಇದನ್ನು ಎನ್ರಿಕೊ ಫರ್ಮಿಯವರು 1924ರಷ್ಟು ಹಿಂದೆಯೇ ಕಂಡುಕೊಂಡಿದ್ದರು. ಎರಡನೆಯ ದಾರಿ, ಎರಡು ಗ್ಲೂಆನುಗಳು ಒಂದರ ವರ್ಣವನ್ನೊಂದು ಅಳಿಸಿಕೊಂಡು ಜೊತೆಯಾಗಿ ದಾಟುವುದು. ಈ ಜೋಡಿಗೆ ಸೋವಿಯತ್ ಭೌತವಿಜ್ಞಾನಿ ಐಸಾಕ್ ಪೊಮೆರಾಂಚುಕ್ ಅವರ ಸ್ಮರಣೆಯಲ್ಲಿ ಪೊಮೆರಾನ್ ಎಂಬ ಹೆಸರಿದೆ. ಜೆ-ಸೈ ಕಣದ ಅನನ್ಯೋತ್ಪತ್ತಿಯಲ್ಲಿ ಎರಡೂ ದಾರಿಗಳು ಕೂಡುತ್ತವೆ. ಒಂದು ಪ್ರೋಟಾನ್ ಫೋಟಾನನ್ನು ನೀಡುತ್ತದೆ. ಆ ಫೋಟಾನ್ ಕ್ಷಣಾಂಶದ ಕಾಲ ಚಾರ್ಮ್ ಕ್ವಾರ್ಕು ಮತ್ತು ಪ್ರತಿಕ್ವಾರ್ಕುಗಳ ಜೋಡಿಯಾಗಿ ಒಡಲು ತಾಳುತ್ತದೆ. ಎದುರಿನ ಪ್ರೋಟಾನಿನಿಂದ ಬಂದ ಪೊಮೆರಾನ್ ಆ ಜೋಡಿಯನ್ನು ತಟ್ಟಿ ನಿಜವಾದ ಮೆಸಾನಾಗಿ ಹೊರಗೆ ತರುತ್ತದೆ. ಫೋಟಾನಿಗೂ ಜೆ-ಸೈ ಕಣಕ್ಕೂ ಭ್ರಮಣೆ ಮೊದಲಾದ ಆಂತರಿಕ ಲಕ್ಷಣಗಳು ಒಂದೇ ಆಗಿರುವುದರಿಂದ ಈ ರೂಪಾಂತರ ಸಹಜವಾಗಿ ನಡೆಯುತ್ತದೆ. ಎರಡು ಪೊಮೆರಾನುಗಳು ಸೇರಿ ಜೆ-ಸೈ ಕಣವನ್ನು ಹುಟ್ಟಿಸಲಾರವು; ಸಮ್ಮಿತಿಯ ನಿಯಮ ಅದಕ್ಕೆ ಅಡ್ಡಬರುತ್ತದೆ.

ಇಲ್ಲಿ ಒಂದು ಅಂಶವನ್ನು ವಾಚಕರು ಮನಸ್ಸಿನಲ್ಲಿಡಬೇಕು; ಮುಂದೆ ಅದರ ಮೇಲೆಯೇ ಎಲ್ಲವೂ ನಿಂತಿದೆ. ವಿದ್ಯುತ್ ಕ್ಷೇತ್ರ ದೂರದವರೆಗೆ ಚಾಚುವಂಥದು. ಆದ್ದರಿಂದ ಫೋಟಾನನ್ನು ನೀಡಿದ ಪ್ರೋಟಾನ್ ಇನ್ನೊಂದಕ್ಕೆ ಸಾಕಷ್ಟು ದೂರದಲ್ಲಿ, ತಾಕದೆ ಹಾಯುತ್ತದೆ. ಪೊಮೆರಾನ್ ನೀಡಿದ ಪ್ರೋಟಾನೂ ಇಡಿಯಾಗಿ ಉಳಿಯಬೇಕಾದರೆ ಅದಕ್ಕೆ ಬಿದ್ದ ತಟ್ಟು ಮೃದುವಾಗಿರಬೇಕು. ಹೀಗೆ ಹುಟ್ಟಿದ ಮೆಸಾನು ಪಕ್ಕಕ್ಕೆ ಸಿಡಿಯುವುದು ಅತ್ಯಲ್ಪ. ಕಿರಣದ ದಿಕ್ಕಿಗೆ ಲಂಬವಾದ ಅದರ ಸಂವೇಗವನ್ನು ಅಡ್ಡಸಂವೇಗ ಎನ್ನೋಣ. ಅನನ್ಯವಾಗಿ ಹುಟ್ಟಿದ ಮೆಸಾನಿಗೆ ಅಡ್ಡಸಂವೇಗ ಕಡಿಮೆ.

ಸರ್ನಿನ ನಾಲ್ಕು ಸಂಘಟ್ಟನ ಸ್ಥಾನಗಳಲ್ಲಿ ಒಂದರಲ್ಲಿ, ಫ್ರಾನ್ಸಿನ ಫರ್ನೆ-ವೋಲ್ಟೇರ್ ಊರಿನ ಬಳಿ ಭೂಮಿಯ ಕೆಳಗೆ, ಎಲ್‌ಎಚ್‌ಸಿಬಿ ಎಂಬ ಸಂಸೂಚಕವಿದೆ. ಉಳಿದ ದೊಡ್ಡ ಸಂಸೂಚಕಗಳು ಸಂಘಟ್ಟನ ಬಿಂದುವನ್ನು ಸುತ್ತಲೂ ಕವಿದುಕೊಂಡಿರುವ ಪೀಪಾಯಿಗಳಾದರೆ ಇದು ಒಂದೇ ಕಡೆಗೆ ಮುಖಮಾಡಿದ ಆಲಿಕೆಯಂತಿದೆ. ಬಾಟಮ್ ಕ್ವಾರ್ಕುಗಳನ್ನು ಅಭ್ಯಸಿಸಲೆಂದು ಕಟ್ಟಿದ ಈ ಉಪಕರಣ ಅನನ್ಯೋತ್ಪತ್ತಿಯ ಶೋಧಕ್ಕೂ ಒದಗಿಬಂದದ್ದು ಒಂದು ಸುಯೋಗವೆನ್ನಬೇಕು. ಕಿರಣದ ಕೊಳವೆಗೆ ಹತ್ತಿರದಲ್ಲಿ, ಮುಂದಿಕ್ಕಿಗೆ ಹೋಗುವ ಕಣಗಳನ್ನು ಇದು ನಿಖರವಾಗಿ ಕಾಣಬಲ್ಲುದು. ಇದರ ಅತಿ ಒಳಗಿನ ಸಿಲಿಕಾನ್ ಫಲಕಗಳು ಕಿರಣಕ್ಕೆ ಎಂಟು ಮಿಲಿಮೀಟರಿನಷ್ಟು ಸಮೀಪ ಸರಿಯುತ್ತಿದ್ದುವು. ಅವು ಹಿಂದಿಕ್ಕಿಗೆ ಹಾರುವ ಕಣಗಳ ಜಾಡನ್ನೂ ಭಾಗಶಃ ಹಿಡಿಯುತ್ತಿದ್ದುವು.

ಜೆ-ಸೈ ಕಣ ನಮ್ಮ ಕೈಗೆ ಸಿಕ್ಕುವಂಥದಲ್ಲ. ಪರಮಾಣುವಿನ ಅಗಲವನ್ನು ದಾಟುವಷ್ಟರೊಳಗೆ ಅದು ಅಳಿದುಹೋಗುತ್ತದೆ. ನೂರು ಜೆ-ಸೈ ಕಣಗಳಲ್ಲಿ ಸುಮಾರು ಆರು ಮ್ಯೂಯಾನುಗಳ ಜೋಡಿಯಾಗಿ ಒಡೆಯುತ್ತವೆ. ಪ್ರಯೋಗಕಾರರು ಹಿಡಿಯುವುದು ಅವನ್ನೇ. ಮ್ಯೂಯಾನ್ ಎಲೆಕ್ಟ್ರಾನಿನ ಸೋದರ, ತೂಕದಲ್ಲಿ ಅದರ 207 ಪಟ್ಟು. ಅದರ ವೈಶಿಷ್ಟ್ಯವೆಂದರೆ ಬೇರೆ ಕಣಗಳು ತಡೆದುನಿಲ್ಲುವ ಕಬ್ಬಿಣದ ಗೋಡೆಗಳನ್ನು ಅದು ಸಲೀಸಾಗಿ ತೂರಿಹೋಗುವುದು. ಕನ್ನಡನಾಡಿಗೆ ಇದು ಹೊಸ ಸುದ್ದಿಯಲ್ಲ. ನಂಜನಗೂಡಿನವರಾದ ಬಿ. ವಿ. ಶ್ರೀಕಂಠನ್ ಅವರು ಹೋಮಿ ಭಾಭಾ ಅವರ ಮಾರ್ಗದರ್ಶನದಲ್ಲಿ 1950ರ ದಶಕದ ಆರಂಭದಲ್ಲಿ ಕೋಲಾರದ ಚಿನ್ನದ ಗಣಿಗಳ ಬೇರೆ ಬೇರೆ ಆಳಗಳಿಗೆ ಉಪಕರಣಗಳನ್ನು ಇಳಿಸಿ, ವಿಶ್ವಕಿರಣಗಳಿಂದ ಹುಟ್ಟಿದ ಮ್ಯೂಯಾನುಗಳು ಬಂಡೆಯನ್ನು ಭೇದಿಸಿ ಎಷ್ಟೆಷ್ಟು ಕೆಳಗಿಳಿಯುವುವೆಂಬುದನ್ನು ಅಳೆದಿದ್ದರು. ಎಲ್‌ಎಚ್‌ಸಿಬಿಯಲ್ಲಿಯೂ ಕಬ್ಬಿಣದ ದಪ್ಪ ಗೋಡೆಗಳ ಆಚೆ ಕಾಣಿಸಿಕೊಂಡ ಜಾಡನ್ನು ಮ್ಯೂಯಾನಿನದೆಂದು ನಿಶ್ಚಯಿಸುತ್ತಾರೆ. ಎರಡು ಮ್ಯೂಯಾನುಗಳ ಸಂವೇಗಗಳಿಂದ ಅವುಗಳ ತಾಯಿಕಣದ ದ್ರವ್ಯರಾಶಿಯನ್ನು ಲೆಕ್ಕ ಹಾಕಿದಾಗ 3.1 ಗಿಗಾ ಎಲೆಕ್ಟ್ರಾನ್ ವೋಲ್ಟಿನ ಬಳಿ ಎತ್ತರದ ಶಿಖರವೊಂದು ಎದ್ದುನಿಲ್ಲುತ್ತದೆ, ಅದೇ ಜೆ-ಸೈ. ಅದೇ ಕ್ವಾರ್ಕುಗಳ ಉದ್ರಿಕ್ತ ಸ್ಥಿತಿಯಾದ ಎರಡನೆಯ ಸೈ ಕಣ 3.7ರ ಬಳಿ ಸಣ್ಣ ಗುಡ್ಡವಾಗಿ ಕಾಣುತ್ತದೆ.

ಇಲ್ಲಿಯವರೆಗಿನದು ಸುಲಭ. ಇನ್ನು ‘ಬೇರೆ ಏನೂ ಇಲ್ಲ’ ಎಂಬುದರ ಸಾಕ್ಷ್ಯ ಬೇಕು. ವೇಗೋತ್ಕರ್ಷಕದಲ್ಲಿ ಪ್ರೋಟಾನುಗಳು ಒಂಟೊಂಟಿಯಾಗಿ ಓಡುವುದಿಲ್ಲ. ಒಂದೊಂದು ಗೊಂಚಲಿನಲ್ಲಿ ಸುಮಾರು ಹತ್ತು ಸಾವಿರ ಕೋಟಿ ಪ್ರೋಟಾನುಗಳಿರುತ್ತವೆ. ಯಂತ್ರ ಪೂರ್ಣ ಸಾಮರ್ಥ್ಯದಿಂದ ನಡೆಯುವಾಗ ಗೊಂಚಲುಗಳು ಸೆಕೆಂಡಿಗೆ ನಾಲ್ಕು ಕೋಟಿ ಬಾರಿಯ ಲಯದಲ್ಲಿ ಒಂದರೊಳಗೊಂದು ಹಾಯುತ್ತವೆ. ಒಂದು ಹಾಯುವಿಕೆಯಲ್ಲಿ ಎರಡು ಮೂರು ಸಂಘಟ್ಟನೆಗಳು ಒಟ್ಟಿಗೆ ಜರುಗಿದರೆ ಅನನ್ಯವಾದ ಘಟನೆಯ ಮೇಲೆ ಪಕ್ಕದ ಘಟನೆಯ ಕಸವೆಲ್ಲ ಬಿದ್ದು ಅದು ಗುರುತು ಸಿಗದಾಗುತ್ತದೆ. ಗಲಭೆಯ ಜಾತ್ರೆಯಲ್ಲಿ ಪಿಸುಮಾತು ಕೇಳಿಸದಿರುವ ಹಾಗೆ. ಉಳಿದ ದೊಡ್ಡ ಪ್ರಯೋಗಗಳು ಸಂಘಟ್ಟನೆಗಳ ಸಂಖ್ಯೆಯನ್ನು ಆದಷ್ಟು ಹೆಚ್ಚಿಸಿಕೊಳ್ಳಲು ಹವಣಿಸುತ್ತಿದ್ದ ಕಾಲದಲ್ಲಿ ಎಲ್‌ಎಚ್‌ಸಿಬಿಯವರು ಕಿರಣಗಳನ್ನು ಬೇಕೆಂದೇ ತುಸು ಓರೆಯಾಗಿಸಿ ಹಾಯಿಸಿ ಸಂಖ್ಯೆಯನ್ನು ತಗ್ಗಿಸಿಕೊಂಡರು. ಅದರಿಂದ ಒಂದೇ ಸಂಘಟ್ಟನೆ ನಡೆದ ಹಾಯುವಿಕೆಗಳು ಸಾಕಷ್ಟು ದೊರಕಿದುವು. ಉಳಿದ ಬಹುಪಾಲು ದತ್ತಾಂಶವನ್ನು ಈ ಕೆಲಸಕ್ಕೆ ಕೈಬಿಡಬೇಕಾಯಿತು.

ಹಾಗೆ ಆಯ್ದ ಹಾಯುವಿಕೆಗಳಲ್ಲಿ ಅವರು ಕೇಳಿದ್ದು ಇಷ್ಟು: ಎರಡು ಮ್ಯೂಯಾನುಗಳ ಜಾಡುಗಳಿರಲಿ, ಮೂರನೆಯ ಜಾಡಿರಬಾರದು, ಹಿಂದಿಕ್ಕಿನಲ್ಲಿಯೂ ಜಾಡಿರಬಾರದು, ಶಕ್ತಿಯನ್ನು ಅಳೆಯುವ ಭಾಗದಲ್ಲಿ ಬಿಡಿ ಫೋಟಾನಿನ ಸುಳಿವೂ ಇರಬಾರದು. ಸಾವಿರಾರು ಗೆರೆಗಳಿಂದ ತುಂಬಿದ ಸಾಮಾನ್ಯ ಚಿತ್ರಗಳ ನಡುವೆ ಎರಡೇ ಗೆರೆಗಳಿರುವ ಆ ಖಾಲಿ ಚಿತ್ರವನ್ನು ನೋಡಿದವರಿಗೆ ಇನ್ನು ಸಂಶಯವೇಕೆ ಎಂದು ತೋರುವುದು ಸಹಜ.

ಸಂಶಯಕ್ಕೆ ಕಾರಣವಿದೆ. ಕಾಣಲಿಲ್ಲ ಎಂಬುದೂ ಇಲ್ಲ ಎಂಬುದೂ ಒಂದೇ ಅಲ್ಲ. ಯಾವ ಸಂಸೂಚಕಕ್ಕೂ ಎಲ್ಲ ದಿಕ್ಕುಗಳಲ್ಲಿ ಕಣ್ಣಿಲ್ಲ. ವಿಶೇಷವಾಗಿ ಕಿರಣದ ಕೊಳವೆಯೊಳಗೆ, ಕಿರಣದ ಜೊತೆಯಲ್ಲಿಯೇ ನುಸುಳಿಹೋಗುವ ಕಣಗಳನ್ನು ನೋಡುವಂತಿಲ್ಲ. ಪೊಮೆರಾನನ್ನು ಕೊಟ್ಟ ಪ್ರೋಟಾನ್ ಮೃದುವಾಗಿ ಬಾಗದೆ ಒಡೆದುಹೋಯಿತೆನ್ನಿ. ಅದರ ಚೂರುಗಳು ಬಹುಮಟ್ಟಿಗೆ ಕೊಳವೆಯ ದಾರಿಯನ್ನೇ ಹಿಡಿಯುತ್ತವೆ. ಸಂಸೂಚಕಕ್ಕೆ ಕಾಣುವುದು ಅದೇ ಎರಡು ಮ್ಯೂಯಾನುಗಳು, ಅದೇ ಖಾಲಿತನ. ಇಂಥ ವೇಷಧಾರಿಗಳನ್ನು ನಿಜವಾದವುಗಳಿಂದ ಬೇರ್ಪಡಿಸದೆ ಎಣಿಸಿದರೆ ಎಣಿಕೆಗೆ ಬೆಲೆಯಿಲ್ಲ.

ಹಿಂದೆ ನೆನಪಿಡಲು ಹೇಳಿದ ಅಡ್ಡಸಂವೇಗ ಇಲ್ಲಿ ನೆರವಿಗೆ ಬರುತ್ತದೆ. ಪ್ರೋಟಾನ್ ಒಡೆದಿದ್ದರೆ ತಟ್ಟು ಜೋರಾಗಿತ್ತೆಂದು ಅರ್ಥ. ಆಗ ಮೆಸಾನಿನ ಅಡ್ಡಸಂವೇಗವೂ ಸರಾಸರಿಯಲ್ಲಿ ಹೆಚ್ಚಿರುತ್ತದೆ. ಅಡ್ಡಸಂವೇಗದ ವರ್ಗವನ್ನು ಅಡ್ಡ ಅಕ್ಷದಲ್ಲಿ, ಘಟನೆಗಳ ಸಂಖ್ಯೆಯನ್ನು ನಿಲುವಕ್ಷದಲ್ಲಿ ಇಟ್ಟು ರೇಖಾಚಿತ್ರ ಬರೆದರೆ ಅದರಲ್ಲಿ ಎರಡು ಇಳಿಜಾರುಗಳು ಬೆರೆತಿರುತ್ತವೆ. ಒಂದು ಕಡಿದಾಗಿ ಬೀಳುವಂಥದು, ಅನನ್ಯವಾದ ಘಟನೆಗಳದು. ಇನ್ನೊಂದು ನಿಧಾನವಾಗಿ ಇಳಿಯುವಂಥದು, ಪ್ರೋಟಾನ್ ಒಡೆದ ಘಟನೆಗಳದು. ಗಣಿತದ ನೆರವಿನಿಂದ ಇವೆರಡನ್ನು ಬಿಡಿಸಬಹುದು. 7 ಟೆರಾ ಎಲೆಕ್ಟ್ರಾನ್ ವೋಲ್ಟಿನ ಪ್ರಯೋಗದಲ್ಲಿ ಹಾಗೆ ಬಿಡಿಸಿ ನೋಡಿದಾಗ ಶುದ್ಧವೆಂದು ಉಳಿದದ್ದು ಹತ್ತರಲ್ಲಿ ಆರು ಪಾಲಿನಷ್ಟು ಮಾತ್ರ. ಎರಡೇ ಗೆರೆಗಳ ಆ ಖಾಲಿ ಚಿತ್ರಗಳಲ್ಲಿ ಸುಮಾರು ನಾಲ್ಕು ಪಾಲು ವೇಷಧಾರಿಗಳೇ! ಇದಲ್ಲದೆ, ಬೇರೆ ಭಾರಿ ಮೆಸಾನುಗಳು ಹುಟ್ಟಿ, ಜೆ-ಸೈ ಆಗಿ ಇಳಿದು, ಜೊತೆಗೆ ಹೊಮ್ಮಿದ ಫೋಟಾನ್ ಮೊದಲಾದ ಕಣಗಳು ಕಣ್ತಪ್ಪಿಸಿಕೊಂಡಿದ್ದರೆ ಅವುಗಳನ್ನೂ ಕಳೆಯಬೇಕು. ಜೆ-ಸೈ ಎಣಿಕೆಯಲ್ಲಿ ಹತ್ತನೆಯ ಒಂದು ಭಾಗದಷ್ಟು ಇಂಥವು ಇದ್ದುವು.

ಆದರೂ ಒಂದು ಅತೃಪ್ತಿ ಉಳಿಯಿತು. ಎರಡು ಇಳಿಜಾರುಗಳನ್ನು ಬಿಡಿಸಲು ಅವುಗಳ ಆಕಾರ ಇಂಥದೇ ಎಂದು ಮೊದಲು ಒಪ್ಪಿಕೊಳ್ಳಬೇಕು. ಆ ಒಪ್ಪಿಗೆ ತಪ್ಪಿದರೆ ಉತ್ತರವೂ ತಪ್ಪುತ್ತದೆ. ಲೆಕ್ಕದಿಂದ ಕಳೆಯುವ ಬದಲು ಕಣ್ಣಿನಿಂದಲೇ ನೋಡಿ ತೆಗೆದುಹಾಕಲು ಸಾಧ್ಯವಾದಷ್ಟು ಒಳ್ಳೆಯದು. ಹೀಗಾಗಿ 2015ರ ಪ್ರಯೋಗಗಳ ಹೊತ್ತಿಗೆ ಕಿರಣದ ಕೊಳವೆಯ ಉದ್ದಕ್ಕೂ, ಸಂಘಟ್ಟನ ಬಿಂದುವಿನ ಎರಡು ಪಕ್ಕಗಳಲ್ಲಿ ಐದು ಹೊಸ ಠಾಣೆಗಳನ್ನು ನಿಲ್ಲಿಸಿದರು. ಅತಿ ದೂರದವು 114 ಮೀಟರು ಆಚೆ ಇದ್ದುವು. ಠಾಣೆಯೆಂದರೆ ದೊಡ್ಡದೇನಲ್ಲ, ಕೊಳವೆಯನ್ನು ಸುತ್ತುವರಿದ ಪ್ಲಾಸ್ಟಿಕ್ ಹಲಗೆಗಳು. ಕಣವೊಂದು ಹಾಯ್ದಾಗ ಮಿನುಗುವ ಗುಣ ಆ ಪ್ಲಾಸ್ಟಿಕ್ಕಿಗಿದೆ. ಕೊಳವೆಯೊಳಗೆ ನುಸುಳಿದ ಚೂರುಗಳು ದೂರ ಹೋಗುತ್ತ ಕೊಳವೆಯ ಗೋಡೆಗೋ ಸುತ್ತಲಿನ ಉಪಕರಣಗಳಿಗೋ ತಗುಲಿ ಕಣಗಳ ಮಳೆಗರೆಯುತ್ತವೆ; ಹಲಗೆಗಳು ಮಿನುಗುತ್ತವೆ. ಮಿನುಗಿದರೆ ಆ ಘಟನೆ ಅನನ್ಯವಲ್ಲ. ಇಡೀ ಏರ್ಪಾಡಿಗೆ ಖಗೋಳಜ್ಞ ಹರ್ಷೆಲರನ್ನು ನೆನಪಿಸುವ ‘ಹರ್ಷೆಲ್’ ಎಂಬ ಹೆಸರಿಟ್ಟರು. ಉದ್ದನೆಯ ಇಂಗ್ಲಿಷ್ ಹೆಸರೊಂದರ ಅಕ್ಷರಗಳನ್ನು ಜೋಡಿಸಿ ಕಟ್ಟಿದ ಹೆಸರು ಅದು. ಸಹಸ್ರ ಕೋಟಿಗಳ ಯಂತ್ರಕ್ಕೆ ಜೋಡಿಸಿದ ಈ ಸರಳ ಹಲಗೆಗಳಿಂದ ವೇಷಧಾರಿಗಳ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು.

ಈಗ ಅಳತೆಯ ಫಲವನ್ನು ನೋಡೋಣ. ಕಣಗಳ ಘಟನೆ ಎಷ್ಟು ಸಂಭವನೀಯವೆಂಬುದನ್ನು ಕ್ಷೇತ್ರಫಲದ ಮಾನದಿಂದ ಹೇಳುವುದು ವಾಡಿಕೆ. ದೊಡ್ಡ ಗುರಿಗೆ ಬಾಣ ಸುಲಭವಾಗಿ ತಾಗುವುದಷ್ಟೆ. ಇದರ ಮೂಲಮಾನಕ್ಕೆ ಬಾರ್ನ್ ಎಂದು ಹೆಸರು. ಇಂಗ್ಲಿಷಿನಲ್ಲಿ ಅದಕ್ಕೆ ಕೊಟ್ಟಿಗೆ ಅಥವಾ ಕಣಜದ ಮನೆ ಎಂಬರ್ಥ. 1942ರಲ್ಲಿ ಅಮೆರಿಕದ ವಿಜ್ಞಾನಿಗಳಿಬ್ಬರು ಪರಮಾಣು ನ್ಯೂಕ್ಲಿಯಸ್ಸಿನ ಅಳತೆಯಲ್ಲಿ ಇದು ಕೊಟ್ಟಿಗೆಯಷ್ಟು ದೊಡ್ಡ ಗುರಿಯೇ ಸರಿ ಎಂದು ವಿನೋದಕ್ಕೆ ಇಟ್ಟ ಹೆಸರು ಹಾಗೆಯೇ ನಿಂತುಹೋಯಿತು. ಅದರ ಲಕ್ಷಕೋಟಿಯ ಒಂದು ಭಾಗ ಪಿಕೊಬಾರ್ನ್.

2014ರಲ್ಲಿ ಪ್ರಕಟವಾದಂತೆ, 7 ಟೆರಾ ಎಲೆಕ್ಟ್ರಾನ್ ವೋಲ್ಟಿನಲ್ಲಿ ಜೆ-ಸೈ ಕಣದ ಅನನ್ಯೋತ್ಪತ್ತಿ, ಮ್ಯೂಯಾನುಗಳೆರಡೂ ಸಂಸೂಚಕದ ವ್ಯಾಪ್ತಿಗೆ ಬರುವಂತೆ, 291 ಪಿಕೊಬಾರ್ನ್. 2018ರಲ್ಲಿ ಪ್ರಕಟವಾದಂತೆ, 13 ಟೆರಾ ಎಲೆಕ್ಟ್ರಾನ್ ವೋಲ್ಟಿನಲ್ಲಿ 435 ಪಿಕೊಬಾರ್ನ್. ಎರಡನೆಯ ಸೈ ಕಣಕ್ಕೆ 11.1. ಪ್ರೋಟಾನುಗಳು ಒಡೆಯುವ ಸಾಮಾನ್ಯ ಸಂಘಟ್ಟನೆಗಳೊಡನೆ ಹೋಲಿಸಿದರೆ ಸುಮಾರು ಹದಿನೇಳು ಕೋಟಿ ಸಂಘಟ್ಟನೆಗಳಿಗೆ ಇಂಥ ಜೆ-ಸೈ ಒಂದು ಎಂದಾಯಿತು.

ಆದರೆ 435 ಎಂಬುದು ಪೂರ್ಣ ಉತ್ತರವಲ್ಲ. ಪ್ರಕಟಣೆಯಲ್ಲಿ ಅದರ ಪಕ್ಕದಲ್ಲಿ ಇನ್ನೂ ಮೂರು ಸಂಖ್ಯೆಗಳಿವೆ: 18, 11, 17. ಮೊದಲನೆಯದು ಎಣಿಸಿದ ಘಟನೆಗಳು ಮಿತವಾಗಿದ್ದುದರಿಂದ ಬರುವ ಅನಿಶ್ಚಿತತೆ. ಎರಡನೆಯದು ವಿಧಾನದಿಂದ ಬರುವುದು. ಮೂರನೆಯದು ಒಟ್ಟು ಎಷ್ಟು ಪ್ರೋಟಾನುಗಳು ಎದುರಾದುವೆಂಬ ಲೆಕ್ಕದಲ್ಲಿಯೇ ಇರುವ ಅನಿಶ್ಚಿತತೆ. ಅಧ್ಯಾಪಕ ಬಂಧುಗಳಿಗೆ ಇಲ್ಲಿ ಒಂದು ಮಾತು. ಲೋಲಕದ ಪ್ರಯೋಗ ಮಾಡುವ ನಮ್ಮ ಹುಡುಗರು ಗುರುತ್ವ ವೇಗೋತ್ಕರ್ಷಕ್ಕೆ 980 ಬರುವ ತನಕ ತಮ್ಮ ಅಂಕಿಗಳನ್ನು ತಿದ್ದುವುದನ್ನು ನಾನು ಬಲ್ಲೆ; ವಿದ್ಯಾರ್ಥಿಯಾಗಿದ್ದಾಗ ನಾನೂ ತಿದ್ದಿದ್ದೇನೆ, ಅದಕ್ಕೆ ಪೂರ್ಣ ಅಂಕಗಳನ್ನೂ ಪಡೆದಿದ್ದೇನೆ. 961 ಎಂದು ಬರೆದು, ತಪ್ಪು ಎಲ್ಲಿಂದ ಎಷ್ಟು ಬಂದಿರಬಹುದೆಂದು ಪಕ್ಕದಲ್ಲಿ ಗುರುತಿಸಿದ ಹುಡುಗನಿಗೆ ಎಷ್ಟು ಅಂಕ ಕೊಡುತ್ತೇವೆಂಬುದನ್ನು ನಾವು ಯೋಚಿಸಬೇಕಾಗಿದೆ. ಎಲ್‌ಎಚ್‌ಸಿಬಿಯವರು 2016ರಿಂದ 2018ರವರೆಗಿನ, ಹಿಂದಿನದಕ್ಕಿಂತ ಎಷ್ಟೋ ಹೆಚ್ಚಿನ ದತ್ತಾಂಶದಿಂದ ಅದೇ ಅಳತೆಯನ್ನು ಮತ್ತೆ ಮಾಡಿ 2024ರಲ್ಲಿ ಹೊರಗಿಟ್ಟರು. ಈ ಬಾರಿ ಬಂದದ್ದು 400. ಅನಿಶ್ಚಿತತೆಗಳು 2, 5 ಮತ್ತು 12. ಹಳೆಯ ಉತ್ತರಕ್ಕೂ ಹೊಸದಕ್ಕೂ 35ರ ಅಂತರ. ಹಿಂದಿನ ಅನಿಶ್ಚಿತತೆಗಳನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದರಿಂದಲೇ ಈ ಎರಡು ಉತ್ತರಗಳಲ್ಲಿ ವಿರೋಧವಿಲ್ಲವೆಂದು ಇಂದು ಹೇಳಲು ಬರುತ್ತದೆ.

ಇಷ್ಟು ಶ್ರಮಪಟ್ಟು ಈ ಅಂಕಿಯನ್ನು ಪಡೆಯುವುದೇಕೆ? ಪೊಮೆರಾನ್ ಎಂದರೆ ಗ್ಲೂಆನುಗಳ ಜೋಡಿಯಲ್ಲವೆ? ಆದುದರಿಂದ ಅನನ್ಯೋತ್ಪತ್ತಿಯ ಪ್ರಮಾಣ, ಮೊದಲ ಅಂದಾಜಿನಲ್ಲಿ, ಪ್ರೋಟಾನಿನೊಳಗಿನ ಗ್ಲೂಆನ್ ಸಾಂದ್ರತೆಯ ವರ್ಗವನ್ನು ಅನುಸರಿಸುತ್ತದೆ. ಗ್ಲೂಆನ್ ಇಮ್ಮಡಿಯಾದರೆ ಜೆ-ಸೈ ನಾಲ್ಮಡಿ. ಪ್ರೋಟಾನಿನ ಸಂವೇಗದ ಹತ್ತು ಲಕ್ಷದಲ್ಲಿ ಮೂರು ನಾಲ್ಕು ಭಾಗದಷ್ಟನ್ನು ಮಾತ್ರ ಹೊತ್ತ ಅತಿ ಕ್ಷೀಣ ಗ್ಲೂಆನುಗಳ ಜನಗಣತಿಗೆ ಇದಕ್ಕಿಂತ ಸೂಕ್ಷ್ಮವಾದ ತಕ್ಕಡಿ ಸಿಗುವುದು ಕಷ್ಟ. ಗ್ಲೂಆನುಗಳು ಒಡೆದು ಮತ್ತಷ್ಟು ಗ್ಲೂಆನುಗಳಾಗುತ್ತವೆ. ಸಂವೇಗದ ಪಾಲು ಕಿರಿದಾದಂತೆ ಅವುಗಳ ಸಂಖ್ಯೆ ಬೆಳೆಯುತ್ತಲೇ ಹೋಗುತ್ತದೆ. ಈ ಬೆಳವಣಿಗೆಗೆ ಕೊನೆಯಿದೆಯೆ? ಕಿಕ್ಕಿರಿದಾಗ ಅವು ಮತ್ತೆ ಕೂಡಿಕೊಂಡು ಸಂಖ್ಯೆ ನಿಲುಗಡೆಗೆ ಬರಬೇಕೆಂಬುದು ಸಿದ್ಧಾಂತಿಗಳ ನಿರೀಕ್ಷೆ. ಪ್ರಯೋಗ ಹುಡುಕುತ್ತಿರುವುದು ಈ ನಿಲುಗಡೆಯನ್ನು.

ಜರ್ಮನಿಯ ಹ್ಯಾಂಬರ್ಗಿನಲ್ಲಿ 1992ರಿಂದ 2007ರವರೆಗೆ ನಡೆದ ಹೇರಾ ಯಂತ್ರದಲ್ಲಿ ಎಲೆಕ್ಟ್ರಾನುಗಳನ್ನು ಪ್ರೋಟಾನುಗಳಿಗೆ ಎದುರುಗೊಳಿಸಿ, ಎಲೆಕ್ಟ್ರಾನಿನಿಂದ ಬಂದ ಫೋಟಾನಿನ ಮೂಲಕ ಇದೇ ಜೆ-ಸೈ ಉತ್ಪತ್ತಿಯನ್ನು ಅಳೆದಿದ್ದರು. ಫೋಟಾನ್ ಮತ್ತು ಪ್ರೋಟಾನುಗಳ ಒಟ್ಟು ಶಕ್ತಿ ಇಮ್ಮಡಿಯಾದಾಗಲೆಲ್ಲ ಉತ್ಪತ್ತಿ ಸುಮಾರು 1.6 ಪಟ್ಟಾಗುವ ಒಂದು ಸರಳ ನಿಯಮ ಅಲ್ಲಿ ಕಂಡಿತು. ಹೇರಾದ ಅಳತೆಗಳು ಸುಮಾರು 300 ಗಿಗಾ ಎಲೆಕ್ಟ್ರಾನ್ ವೋಲ್ಟಿಗೆ ನಿಂತುವು, ಯಂತ್ರವೂ ಮುಚ್ಚಿತು. ಆಮೇಲಿನ ದಾರಿಯನ್ನು ತೋರಿಸಿದ್ದು ಪ್ರೋಟಾನುಗಳ ಸಂಘಟ್ಟನೆಯೇ. 13 ಟೆರಾದ ಪ್ರಯೋಗದಲ್ಲಿ ಈ ಶಕ್ತಿ ಎರಡು ಟೆರಾ ಎಲೆಕ್ಟ್ರಾನ್ ವೋಲ್ಟಿನ ಸಮೀಪಕ್ಕೆ ತಲಪುತ್ತದೆ. ಅಲ್ಲಿ ಜೆ-ಸೈ ಉತ್ಪತ್ತಿ ಹೇರಾದ ಸರಳ ನಿಯಮದ ರೇಖೆಯಿಂದ ಕೆಳಕ್ಕೆ ಬಾಗಿರುವುದು 2018ರ ಅಳತೆಯಲ್ಲಿ ಕಂಡುಬಂತು.

ನಿಲುಗಡೆ ಸಿಕ್ಕಿತೆಂದು ಸಾರಲು ಇಷ್ಟು ಸಾಕೆ? ಸಾಲದು. ಹೆಚ್ಚು ನಿಷ್ಕೃಷ್ಟವಾಗಿ ಮಾಡಿದ ಸಾಮಾನ್ಯ ಲೆಕ್ಕಾಚಾರವೂ, ನಿಲುಗಡೆಯ ಮಾತೆತ್ತದೆಯೇ, ಇಂಥ ಬಾಗುವಿಕೆಯನ್ನು ವಿವರಿಸಬಲ್ಲುದು. ಅಲ್ಲದೆ ಪ್ರೋಟಾನುಗಳೆರಡೂ ಒಂದೇ ಬಗೆಯವಾದ್ದರಿಂದ ಯಾವುದು ಫೋಟಾನನ್ನು ಕೊಟ್ಟಿತು, ಯಾವುದು ಪೊಮೆರಾನನ್ನು ಕೊಟ್ಟಿತು ಎಂಬುದು ತಿಳಿಯುವುದಿಲ್ಲ. ಒಂದು ಬಗೆಯಾದರೆ ಶಕ್ತಿ ಹೆಚ್ಚು, ಇನ್ನೊಂದು ಬಗೆಯಾದರೆ ಕಡಿಮೆ. ಕಡಿಮೆ ಶಕ್ತಿಯ ಪಾಲನ್ನು ಹೇರಾದ ನಿಯಮದಿಂದಲೇ ಎರವಲು ತಂದು ಕಳೆದು, ಉಳಿದದ್ದನ್ನು ಹೆಚ್ಚಿನ ಶಕ್ತಿಯದೆಂದು ಬಗೆಯಬೇಕಾಗುತ್ತದೆ.

ಈ ತೊಡಕನ್ನು ಬಿಡಿಸುವ ಒಂದು ಉಪಾಯ ಸರ್ನಿನದೇ ಆದ ಆಲಿಸ್ ಪ್ರಯೋಗದವರಿಗೆ ಒದಗಿತು. ಒಂದು ಕಡೆಯ ಪ್ರೋಟಾನಿನ ಬದಲು ಸೀಸದ ನ್ಯೂಕ್ಲಿಯಸ್ಸನ್ನು ಓಡಿಸಿದರೆ ಅದರ 82 ಆವೇಶಗಳಿಂದಾಗಿ ಫೋಟಾನುಗಳ ಹೊಳೆ 82ರ ವರ್ಗದಷ್ಟು, ಎಂದರೆ 6724 ಪಟ್ಟು ಹೆಚ್ಚುತ್ತದೆ. ಆಗ ಫೋಟಾನ್ ಬಂದದ್ದು ಸೀಸದಿಂದಲೇ ಎಂದು ಹೆಚ್ಚು ಕಡಿಮೆ ನಿಶ್ಚಯವಾಗಿ ಹೇಳಬಹುದು. ಆಲಿಸ್‌ನ ಮ್ಯೂಯಾನ್ ವಿಭಾಗದಿಂದ ಪಡೆದ ಈ ಅಳತೆ 2014ರಲ್ಲಿ ಪ್ರಕಟವಾಯಿತು. ಆ ವಿಭಾಗದ ಕೆಲವು ಸಂಸೂಚಕ ಕೋಶಗಳನ್ನು ಕಟ್ಟಿದವರು ಕಲ್ಕತ್ತೆಯ ಸಾಹಾ ಸಂಸ್ಥೆ ಮತ್ತು ಅಲೀಗಢ ವಿಶ್ವವಿದ್ಯಾಲಯದ ನಮ್ಮ ದೇಶದ ವಿಜ್ಞಾನಿಗಳೆಂಬುದನ್ನು ಇಲ್ಲಿ ಸ್ಮರಿಸಬೇಕು. ಸುಮಾರು 700 ಗಿಗಾ ಎಲೆಕ್ಟ್ರಾನ್ ವೋಲ್ಟಿನವರೆಗೂ ಹೇರಾದ ನಿಯಮವೇ ಮುಂದುವರಿಯುತ್ತದೆ ಎಂಬುದು ಅವರ ಫಲಿತಾಂಶ. ಬಾಗುವಿಕೆಯಿದ್ದರೆ ಅದು ಅಲ್ಲಿಂದಾಚೆಗೆ.

ಅಪ್ಸಿಲಾನಿನ ಕಥೆ ಇನ್ನೂ ಆರಂಭದಲ್ಲಿದೆ. ಕ್ವಾರ್ಕು ಹೆಚ್ಚು ಭಾರವಾದಷ್ಟೂ ಸಿದ್ಧಾಂತದ ಲೆಕ್ಕ ಹೆಚ್ಚು ಖಚಿತ. ಆದರೆ ಘಟನೆಗಳು ಅಷ್ಟೇ ವಿರಳ. 7 ಮತ್ತು 8 ಟೆರಾದ ದತ್ತಾಂಶವನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ಅಳತೆಯಲ್ಲಿ ಮೊದಲ ಅಪ್ಸಿಲಾನಿಗೆ 9.0 ಪಿಕೊಬಾರ್ನ್ ಬಂದಿತು, ಅನಿಶ್ಚಿತತೆಗಳು 2.1 ಮತ್ತು 1.7. ಎರಡನೆಯದಕ್ಕೆ 1.3 ಬಂದಿತು; ಆದರೆ ಅನಿಶ್ಚಿತತೆಯೇ 0.8. ಮೂರನೆಯ ಅಪ್ಸಿಲಾನಿನ ವಿಷಯದಲ್ಲಿ ಅವರು ಯಾವ ಮೌಲ್ಯವನ್ನೂ ಹೇಳಲಿಲ್ಲ. ನೂರರಲ್ಲಿ ತೊಂಬತ್ತೈದು ಪಾಲು ಭರವಸೆಯಿಂದ, ಅದು 3.4 ಪಿಕೊಬಾರ್ನಿಗಿಂತ ಹೆಚ್ಚಿರಲಾರದು ಎಂದಷ್ಟೇ ಬರೆದಿದ್ದಾರೆ.